ಕಲಶದ ಪಕ್ಕಕ್ಕೆ ಹೋದ ಗಂಡು ಹೂ

ಇವತ್ತು ಹಬ್ಬದ ಊಟ ಸೇರಲಿಲ್ಲ, ಸ್ನೇಹಿತರೇ.

ನನ್ನ ಕುಂಡದ ಪುಟ್ಟ ಪಾಮ್‌ಗಳಲ್ಲಿ ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ಗಂಡು ಹೂವಿನ ಪುಡಿಯನ್ನು ಬ್ರಷ್‌ನಿಂದ ಹೆಣ್ಣು ಹೂವಿಗೆ ನಾವೇ ಸವರಿದರೆ ಕಾಯಿ ಕಟ್ಟುತ್ತದೆ. ಎರಡೂ ಒಟ್ಟಿಗೆ ಅರಳಿದ್ದು ಇದೇ ಮೊದಲು. ಗಂಡು ಗಿಡದ ಸುಳಿ ಕೊಳೆಯುತ್ತಿದೆ, ಇನ್ನು ಅದು ಉಳಿಯುವುದಿಲ್ಲ; ಹಾಗಾಗಿ ಇದೇ ಕೊನೆಯೂ ಹೌದು. ಬೆಳಿಗ್ಗೆ ಬ್ರಷ್ ಹಿಡಿದು ಹೋದರೆ ಗಂಡು ಹೂಗೊನೆಯೇ ಇಲ್ಲ!

ಪಕ್ಕದ ಮನೆಯಲ್ಲಿ ಓರಗಿತ್ತಿ ವರಮಹಾಲಕ್ಷ್ಮಿಯನ್ನು ಕೂರಿಸಿದ್ದಳು. ಕಲಶದ ಪಕ್ಕ ನನ್ನ ಹೂ ನಿಂತಿತ್ತು.

"ಏನೇ ಇದು?"

"ಕೊರಟಗೆರೇಲೆಲ್ಲ ಹುಡುಕ್ದೆ, ಹೊಂಬಾಳೆ ಸಿಗ್ನಿಲ್ಲ ಕಣಕ್ಕ. ನಿನ್ ಗಿಡದಾಗೆ ಅದ್ರಂಗೇ ಒಂದಿತ್ತು, ಕುಯ್ಕಂಡ್ ಬಂದ್ಬುಟ್ಟೆ."

"ಕೊಡಿಲ್ಲಿ, ಪುಡಿಯಾದ್ರೂ ಉದುರುಸ್ಕತೀನಿ."

"ದೇವ್ರಿಗೆ ಇಟ್ಟಿದ್ದ ಯಾರಾದ್ರೂ ತೆಗೀತಾರಾ? ಪುಡಿ ಎಲ್ಲೈತೆ, ಮಡೀಲಿ ಚೆನ್ನಾಗಿ ತೊಳ್ದೇ ಇಟ್ಟಿವ್ನಿ. ಮುಂದಿನ್ ವರ್ಸ ಎಲ್ಡು ಗೊನೆ ಬುಡ್ಸಕ್ಕ, ಅಮ್ಮನ ಎಲ್ಡೂ ಕಡೀಕೂ ಒಪ್ತೈತೆ."

ದೇವಿಯ ಎದುರು ಬಯ್ಯುವುದು ಹೇಗೆ? ಕುಂಕುಮ ಇಟ್ಟುಕೊಂಡು, ತಾಂಬೂಲ ಹಿಡಿದು ಬಂದೆ. ಬೀದಿಯ ಹೆಂಗಸರೆಲ್ಲ ಸಂತಾನ ಬೇಡಿಕೊಳ್ಳುವ ಆ ತಾಯಿಯ ಪಕ್ಕದಲ್ಲೇ ನನ್ನ ಗಿಡದ ವಂಶ ಒಣಗುತ್ತಾ ನಿಂತಿದೆ. ನೋಡಿದವರೆಲ್ಲ ಅಲಂಕಾರ ಬಹಳ ಚೆನ್ನಾಗಿದೆ ಅಂತಿದ್ದಾರೆ.