ಕಿವಿತಮಟೆ ಅಳೆಯಲು ಕೂತಾಗ
ಮಾಡದಕೆರೆಯ ಕಿವಿ ತಪಾಸಣೆ ಶಿಬಿರದಲ್ಲಿ ಕಿವಿತಮಟೆ ಎಷ್ಟು ಅಲುಗುತ್ತದೆಂದು ಅಳೆಯುವ ಯಂತ್ರ ನನ್ನ ಪಾಲಿಗೆ ಬಂದಿತ್ತು. ಎಡಗಿವಿ ಮಂದವಾಗಿದೆಯೆಂದು ಕುರಿ ಕಾಯುವ ಈರಮ್ಮ ಬಂದು ಕೂತರು. "ಅಳೆಯೋವಾಗ ಮಾತಾಡಬಾರದು," ಎಂದು ಗತ್ತಿನಿಂದ ಹೇಳಿ ಕಿವಿಗೆ ರಬ್ಬರ್ ತುದಿ ಇಟ್ಟೆ.

"ನೋವಾಗ್ತೈತೇನಮ್ಮ?"

"ಇಲ್ಲಪ್ಪ."

ಪರದೆಯ ಮೇಲಿನ ಗೆರೆ ಕುಣಿದು ಹಾಳಾಯಿತು. ಮತ್ತೆ ಶುರು ಮಾಡಿದೆ.

"ಗಾಳಿ ಒತ್ತಿದಂಗೆ ಆಗ್ತೈತಾ?"

"ಹೂಂ, ಆಗ್ತೈತೆ."

ಮತ್ತೆ ಕುಣಿಯಿತು. ಯಂತ್ರವೇ ಕೆಟ್ಟಿದೆಯೆಂದು ಅದಕ್ಕೆ ಎರಡೇಟು ಬಿಟ್ಟೆ. ಈರಮ್ಮ ನನ್ನ ಕೈ ಹಿಡಿದುಕೊಂಡರು. "ಏನಪ್ಪ, ನೀನು ಕೇಳ್ದಿದ್ರೆ ನಾನ್ಯಾಕೆ ಮಾತಾಡ್ಲಿ? ಸುಮ್ನಿರು."

ಬಾಯಿ ಮುಚ್ಚಿದೆ. ಈ ಸಲ ಗೆರೆ ಸಮತಟ್ಟಾಗಿ ಬಂತು. ತಮಟೆಯ ಹಿಂದೆ ನೀರು ತುಂಬಿರುವ ಗುರುತು. ಹೆದರುವಂಥದ್ದೇನಲ್ಲ, ಚಿತ್ರದುರ್ಗದ ಡಾಕ್ಟರಿಗೆ ತೋರಿಸಿದರೆ ವಾಸಿಯಾಗುತ್ತದೆ. ಅಷ್ಟನ್ನು ಹೇಳುವುದಕ್ಕೂ ಮೊದಲು ಈರಮ್ಮನ ಅಪ್ಪಣೆ ಕೇಳಿದೆ.