ಕುಂಕುಮ ಹಚ್ಚಿದ ಫ್ಲಾಪಿಗಳು

ಉಡುಪಿಯ ನಮ್ಮ ಕಂಪ್ಯೂಟರ್ ಕೋಣೆಗೆ ಮೂರು ಬೀಗಗಳಿದ್ದವು. ಕೊಲ್ಲಿಯಲ್ಲಿ ದುಡಿದು ಬಂದ ಭಾವ, ಅಂದರೆ ನನ್ನ ಅಕ್ಕನ ಗಂಡ, ಎಂಬತ್ತರ ದಶಕ ಮುಗಿಯುತ್ತಾ ಬಂದಾಗ ಆ ಯಂತ್ರವನ್ನು ತರಿಸಿ ಕಡಿಯಾಳಿಯಲ್ಲಿದ್ದ ನನ್ನ ಟೈಪಿಂಗ್ ತರಗತಿಯ ಹಿಂದಿನ ಕೋಣೆಯಲ್ಲಿ ಪ್ರತಿಷ್ಠಾಪಿಸಿದರು. ಇದಕ್ಕಿಂತ ಸಣ್ಣ ಕ್ರಿಯಾಪದ ಸಾಲದು. ಚಪ್ಪಲಿ ಹೊರಗೆ ಬಿಟ್ಟು, ಕಾಲು ತೊಳೆದು ಒಳಗೆ ಬರಬೇಕು. ಕಿಟಕಿಗೆ ಸರಳು, ಸರಳಿಗೆ ಬಲೆ, ಬಲೆಗೆ ಪರದೆ. ಯಂತ್ರಕ್ಕೆ ಅಕ್ಕ ಹೊಲಿದ ಹೂವಿನ ಗವಸು. ಭಾವನ ಲೆಕ್ಕದಲ್ಲಿ ಕಂಪ್ಯೂಟರಿಗೆ ಶತ್ರುಗಳು ಇಬ್ಬರೇ, ಧೂಳು ಮತ್ತು ಕಳ್ಳ. ಅಷ್ಟು ಭಾರದ ಪೆಟ್ಟಿಗೆಯನ್ನು ಹೊತ್ತು ಕಲ್ಸಂಕದವರೆಗಾದರೂ ನಡೆಯಬಲ್ಲ ಕಳ್ಳ ನಮ್ಮ ಊರಿನಲ್ಲಿ ಇದ್ದನೇ ಎಂಬುದು ಬೇರೆ ಪ್ರಶ್ನೆ.

ಮಣಿಪಾಲದಲ್ಲಿ ಓದುವವರ, ಕಾಲೇಜುಗಳಲ್ಲಿ ಪಾಠ ಹೇಳುವವರ ಪ್ರಬಂಧಗಳನ್ನು ಟೈಪ್ ಮಾಡಿ ಮುದ್ರಿಸಿ ಕೊಡುವುದು ನಮ್ಮ ವ್ಯಾಪಾರ. ಹೆದರುವುದು ಅದರೊಳಗೆ ನನ್ನ ಪಾಲಿನ ಕೆಲಸ. ಗ್ಯಾಸ್ ಆರಿಸಿದ್ದೇನೆಯೇ ಎಂದು ಕಾಪುವಿನ ಬಸ್‌ಸ್ಟ್ಯಾಂಡಿನಿಂದ ಮನೆಗೆ ಹಿಂದಿರುಗಿ ನೋಡುತ್ತಿದ್ದ ಮನುಷ್ಯ ನಾನು. ಇಂಥವನ ಕೈಗೆ, ಫ್ಲಾಪಿಯಲ್ಲಿ ಕೂತು ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಹೋಗಿ ಕಡತಗಳನ್ನು ಹಾಳುಮಾಡುವ ವೈರಸ್ ಎಂಬ ಪ್ರೋಗ್ರಾಮಿನ ಬಗ್ಗೆ ಬರೆದ ಒಂದು ಪತ್ರಿಕೆ ಸಿಕ್ಕಿತು. ನಲವತ್ತೈದರ ವಯಸ್ಸಿನಲ್ಲಿ ಹೊಸದೊಂದು ಹೆದರಿಕೆ ಸಿಕ್ಕುವುದು ಸಣ್ಣ ಭಾಗ್ಯವಲ್ಲ.

ಅಂದಿನಿಂದ ಹೊರಗಿನ ಫ್ಲಾಪಿಗಳನ್ನು ಬಾಗಿಲಲ್ಲೇ ತಡೆದೆ. ಎಲ್ಲ ಪ್ರಬಂಧಗಳಿಗೂ ಇನ್ನೊಂದು ಪ್ರತಿ ಮಾಡಿ ಕಾಪುವಿನ ನನ್ನ ಮನೆಗೆ ಒಯ್ದು, ಕಡಲ ಗಾಳಿಗೆ ಬೂಸಲು ಹಿಡಿಯದಂತೆ ಅಕ್ಕಿಯ ಡಬ್ಬಿಯೊಳಗೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಇಟ್ಟೆ. ಅನ್ನಕ್ಕೆ ಅಕ್ಕಿ ತೆಗೆಯುವಾಗ ಪ್ರಬಂಧ ಸಿಗುತ್ತದೆ ಎಂದು ಹೆಂಡತಿ ನೆರೆಯವರಿಗೆಲ್ಲ ಹೇಳಿ ನಕ್ಕಳು. ಆ ಕಾಲದ ಫ್ಲಾಪಿಯ ಅಂಚಿನಲ್ಲಿ ಒಂದು ಕಚ್ಚು ಇರುತ್ತಿತ್ತು. ಅದರ ಮೇಲೆ ಕಪ್ಪು ಚೀಟಿ ಅಂಟಿಸಿದರೆ ಯಂತ್ರ ಅದನ್ನು ಓದಬಹುದು, ಅದರ ಮೇಲೆ ಬರೆಯಲಾಗದು. ಎಲ್ಲ ಪ್ರತಿಗಳಿಗೂ ಚೀಟಿ ಅಂಟಿಸಿದೆ. ಒಂದು ಪ್ರತಿಯ ಚೀಟಿ ಎದ್ದು ಬರಬಹುದು ಎಂಬ ಅನುಮಾನ ಬಂದು, ಅದಕ್ಕೆ ಗೋಂದು ಬಳಿದು ಮೇಲಿಂದ ಇನ್ನೊಂದು ಅಂಟಿಸಿದೆ.

ಆ ಪ್ರತಿ ಕಾರ್ಕಳದ ಒಬ್ಬ ಉಪನ್ಯಾಸಕಿಯದು. ಬಸದಿಗಳ ಶಾಸನಗಳ ಮೇಲೆ ವರ್ಷಗಟ್ಟಲೆ ದುಡಿದಿದ್ದರು. ದಸರಾ ಕಳೆದ ಸೋಮವಾರ ಪ್ರಬಂಧ ಒಪ್ಪಿಸದಿದ್ದರೆ ಅವರ ಕೆಲಸ ಕಾಯಂ ಆಗುವುದಿಲ್ಲ, ಆ ಜಾಗಕ್ಕೆ ಬೇರೆಯವರು ಕಾದು ನಿಂತಿದ್ದಾರೆ ಎಂದು ಪ್ರತಿ ಸಲ ಬಂದಾಗಲೂ ಹೇಳುತ್ತಿದ್ದರು. ನಾನೋ, ಚಿಂತೆ ಬೇಡ, ಒಂದು ಪ್ರತಿ ಕಾಪುವಿನಲ್ಲಿ ಉಂಟು ಎಂದು ಪ್ರತಿ ಸಲವೂ ಜಂಬ ಕೊಚ್ಚುತ್ತಿದ್ದೆ.

ಆಯುಧ ಪೂಜೆ ಬಂತು. ಕಾಪುವಿನ ಫ್ಲಾಪಿಗಳೂ ಪೂಜೆಗೆ ಬರಬೇಕೆಂದು ಭಾವ ಅಪ್ಪಣೆ ಮಾಡಿದರು. ಎಲ್ಲವನ್ನೂ ಒಂದೇ ಕಡೆ ಸೇರಿಸಬಾರದು, ಬೇರೆ ಕಡೆ ಇಡುವುದೇ ಅದಕ್ಕಾಗಿ ಎಂದೆ.

“ಪೂಜೆ ಇಲ್ಲದೆ ಅಕ್ಕಿಯೊಳಗೆ ಬಿದ್ದ ಆಯುಧ ಎಂತ ರಕ್ಷಣೆ ಮಾಡುತ್ತದೆ ಮಾರಾಯ?” ಎಂದರು ಭಾವ.

ನನ್ನೊಳಗೆ ಎರಡು ಹೆದರಿಕೆಗಳು ಜಗಳಕ್ಕೆ ನಿಂತವು, ವೈರಸ್ಸಿನದು ಮತ್ತು ನಂಟರದು. ನಂಟರದು ಗೆದ್ದಿತು. ಡಬ್ಬಿಯ ಸಮೇತ ಬಸ್ಸು ಹತ್ತಿದೆ.

ದೇವಿಯ ಮುಂದೆ ಕಪ್ಪು ಶೋಭಿಸುವುದಿಲ್ಲವೆಂದು ಭಾವ ಚೀಟಿಗಳನ್ನೆಲ್ಲ ಉಗುರಿನಿಂದ ಕಿತ್ತು ಹಾಕಿದರು. ಗೋಂದಿನ ಚೀಟಿ ಮಾತ್ರ ಜಗ್ಗಲಿಲ್ಲ. ಅದಕ್ಕೆ ತಪ್ಪುಕಾಣಿಕೆ ಎಂಬಂತೆ ಎರಡು ಬೊಟ್ಟು ಹೆಚ್ಚು ಕುಂಕುಮ ಬಿತ್ತು. ಮಂಗಳಾರತಿ ಆಗಿ ಅವಲಕ್ಕಿ ಹಂಚುತ್ತಿರುವಾಗ ಭಾವನ ಕೊಲ್ಲಿಯ ಗೆಳೆಯ ಬಂದ. ಅವನ ಜೇಬಿನಲ್ಲಿ ಕಾರು ಓಡಿಸುವ ಆಟದ ಫ್ಲಾಪಿ. ನಾನು ಬಾಗಿಲಿಗೆ ಅಡ್ಡ ನಿಂತೆ. ಹಬ್ಬದ ದಿನ ಬಂದವನನ್ನು ಹಿಂದೆ ಕಳಿಸುವ ಮನೆತನ ನಮ್ಮದಲ್ಲ ಎಂದರು ಭಾವ. ಪೂಜೆಯ ದಿನ ಆಯುಧ ಮುಟ್ಟಬಾರದಲ್ಲ ಎಂದು ನಾನು ಶಾಸ್ತ್ರಕ್ಕೆ ಕೈ ಹಾಕಿದೆ. ಅದು ಕೆಲಸಕ್ಕೆ, ಆಟಕ್ಕಲ್ಲ ಎಂದು ತೀರ್ಪಾಯಿತು. ಗೆಳೆಯ ಚಪ್ಪಲಿ ಬಿಟ್ಟು, ಕಾಲು ತೊಳೆದು, ಬಹಳ ಮಡಿಯಿಂದ ಒಳಗೆ ಹೋದ. ನಂಟರೆಲ್ಲ ಸರದಿಯಲ್ಲಿ ಕಾರು ಓಡಿಸಿದರು. ಸ್ವಲ್ಪ ಹೊತ್ತಿಗೆ ಯಂತ್ರದ ಪರದೆಯ ಮೇಲೆ ಸಣ್ಣದೊಂದು ಚುಕ್ಕೆ ಪುಟಿಯತೊಡಗಿತು. ಅದೂ ಆಟದ್ದೇ ಎಂದು ಅಕ್ಕ ಚಪ್ಪಾಳೆ ತಟ್ಟಿದಳು.

ಮರುದಿನ ನಾನು ತಲುಪುವಾಗ ಯಂತ್ರದಲ್ಲಿ ಒಂದು ಕಡತವೂ ತೆರೆಯುತ್ತಿರಲಿಲ್ಲ. ಪ್ರತಿಗಳಾದರೂ ಸರಿಯಾಗಿವೆಯೇ ಎಂದು ಭಾವ ಕಾಪುವಿನ ಫ್ಲಾಪಿಗಳನ್ನು ಒಂದೊಂದಾಗಿ ಅದೇ ರೋಗಿಷ್ಠ ಯಂತ್ರದ ಬಾಯಿಗೆ ಹಾಕಿ ನೋಡಿ ಮುಗಿಸಿದ್ದರು. ಒಂದನ್ನೂ ಬಿಟ್ಟಿರಲಿಲ್ಲ. ಅವರು ಯಾವಾಗಲೂ ಅಚ್ಚುಕಟ್ಟು.

ಮಣಿಪಾಲದಿಂದ ಬಂದ ರಿಪೇರಿಯವನು ಕಾಲು ತೊಳೆದು ಒಳಗೆ ಬಂದು, ಹೊರಗಿನ ಫ್ಲಾಪಿ ಹಾಕಿದ್ದೀರಾ ಎಂದು ಕೇಳಿದ.

“ಹೊರಗಿನದ್ದಲ್ಲ, ನಮ್ಮ ಗೆಳೆಯನದ್ದು” ಎಂದರು ಭಾವ.

ಅವನು ಯಂತ್ರದೊಳಗಿನದನ್ನೆಲ್ಲ ಅಳಿಸಿ ಸ್ವಚ್ಛ ಮಾಡುತ್ತಿರುವಾಗಲೇ ಉಪನ್ಯಾಸಕಿ ಕಾರ್ಕಳದ ಬಸ್ಸಿಳಿದು ಬಂದರು. ಭಾವ ವಿಷಯ ಹೇಳಿ, ಎಲ್ಲ ದೇವರ ಇಚ್ಛೆ ಎಂದು ಸೇರಿಸಿದರು. ಆಕೆ ಅವರನ್ನು ನೋಡಲೇ ಇಲ್ಲ, ನನ್ನ ಕಡೆ ತಿರುಗಿದರು.

“ಕಾಪುವಿನಲ್ಲಿ ಒಂದು ಉಂಟು ಅಂದಿದ್ದಿರಿ, ಅಲ್ವಾ?”

ನಾನು ಮೇಜಿನ ಮೇಲಿನ ಕುಂಕುಮದ ರಾಶಿಯನ್ನು ತೋರಿಸಿದೆ.

ರಿಪೇರಿಯವನು ಶುದ್ಧವಾದ ಯಂತ್ರಕ್ಕೆ ಫ್ಲಾಪಿಗಳನ್ನು ಒಂದೊಂದಾಗಿ ಹಾಕಿದ. ಎಲ್ಲವೂ ಕಸ. ಕೊನೆಗೆ ಗೋಂದಿನದು. ತೆರೆಯಿತು. ಹಾಳಾದ ಯಂತ್ರಕ್ಕೂ ಆ ಚೀಟಿಯ ಮೇಲಿಂದ ಬರೆಯಲಾಗಿರಲಿಲ್ಲ. ಪ್ರತಿ ಮಾಡಿದ ಮೇಲೆ ಟೈಪ್ ಮಾಡಿದ್ದ ಕೊನೆಯ ಅಧ್ಯಾಯವೊಂದನ್ನು ಬಿಟ್ಟು ಪ್ರಬಂಧ ಪೂರ್ತಿ ಇತ್ತು. ಉಪನ್ಯಾಸಕಿ ಕುರ್ಚಿ ಎಳೆದು ಕೂತು, ಚೀಲದಿಂದ ಕೈಬರಹದ ಹಾಳೆಗಳನ್ನು ತೆಗೆದು ಓದತೊಡಗಿದರು, ನಾನು ಟೈಪ್ ಮಾಡಿದೆ. ಭಾವ ಬಾಗಿಲ ಬಳಿ ನಿಂತು ಚಪ್ಪಲಿ ಕಾದರು. ಸೋಮವಾರ ಪ್ರಬಂಧ ಒಪ್ಪಿಸಿ ಆಯಿತು. ಕೆಲಸ ಕಾಯಂ ಆದ ಮೇಲೆ ಆಕೆ ನಮಗೊಂದು ಪೊಟ್ಟಣ ಪೇಡೆ ಕಳಿಸಿದರು, ತಾವು ಬರಲಿಲ್ಲ.

ಆ ಫ್ಲಾಪಿ ಉಳಿದದ್ದು ಎರಡು ಬೊಟ್ಟು ಹೆಚ್ಚು ಕುಂಕುಮದಿಂದ ಎಂದು ಭಾವ ಎಲ್ಲ ಮದುವೆ, ಉಪನಯನಗಳಲ್ಲಿ ಹೇಳಿದರು. ಗೋಂದಿನ ಬಗ್ಗೆ ಯಾರೂ ಕೇಳಲಿಲ್ಲ. ಕೋಣೆಗೆ ನಾಲ್ಕನೆಯ ಬೀಗ ಬಂತು.

ಮುಂದಿನ ವರ್ಷ ಪೂಜೆಗೆ ನಾನು ಕಾಪುವಿನಿಂದ ತಂದದ್ದು ಅಂಗಡಿಯ ಹೊಸ ಖಾಲಿ ಫ್ಲಾಪಿಗಳು. ನಿಜವಾದವು ಅಕ್ಕಿಯೊಳಗೇ ಇದ್ದವು, ಎಲ್ಲದಕ್ಕೂ ಗೋಂದು. ಭಾವ ಖಾಲಿ ಫ್ಲಾಪಿಗಳಿಗೆ ಧಾರಾಳವಾಗಿ ಕುಂಕುಮ ಹಚ್ಚಿ, ಈಗ ಯಾವ ಭಯವೂ ಇಲ್ಲ ಎಂದರು. ನಾನೂ ಭಕ್ತಿಯಿಂದ ಕೈ ಮುಗಿದೆ. ಆಮೇಲೆ, ತಂದವು ಖಾಲಿಯವೇ ಹೌದೇ ಎಂದು ಅಕ್ಕಿಯ ಡಬ್ಬಿ ನೋಡಿ ಬರಲು ಕಾಪುವಿನ ಬಸ್ಸು ಹತ್ತಿದೆ.