ಪಕ್ಕದ ಮನೆ ಹಸುವಿನ ಮೆಲುಕು

ನಾನು ಹುಟ್ಟಿ ಬೆಳೆದದ್ದು ಚಾಮರಾಜನಗರದ ಪೇಟೆಯಲ್ಲಿ. ಅಲ್ಲಿ ಹಬ್ಬದ ದಿನ ಬೀದಿ ಹಸುವಿಗೆ ಒಂದು ಹಿಡಿ ಅನ್ನ ಕೊಟ್ಟು ಕೈಮುಗಿದರೆ ಪುಣ್ಯ. ಭೀಮನಬೀಡಿಗೆ ಸೊಸೆಯಾಗಿ ಬಂದ ವರ್ಷ, ನಾದಿನಿಯ ಮಗುವಿನ ನಾಮಕರಣದಲ್ಲಿ ಅನ್ನ ಮಿಕ್ಕಿತು. ಚೆಲ್ಲಲು ಮನಸ್ಸು ಬರಲಿಲ್ಲ. ಒಂದು ಹಿಡಿಗೇ ಪುಣ್ಯವಾದರೆ ಒಂದು ಬೇಸನ್ನಿಗೆ ಎಷ್ಟು ಎಂದುಕೊಂಡೆನೋ ಏನೋ, ಅಷ್ಟನ್ನೂ ಅತ್ತೆಯ ಹಸುವಿನ ಮುಂದೆ ಸುರಿದೆ. ಕರುವಾಗಿದ್ದಾಗಿನಿಂದ ಅವರೇ ಸಾಕಿದ ಹಸು. ತಲೆಯೆತ್ತದೆ ತಿಂದಿತು.

ಮರುದಿನ ಬೆಳಿಗ್ಗೆ ಅದು ಮೇಲೇಳಲಿಲ್ಲ. ಎಡಹೊಟ್ಟೆ ಉಬ್ಬಿತ್ತು, ಮೆಲುಕು ನಿಂತಿತ್ತು. ಗಂಡ ಕಾಯಿನ್ ಬೂತಿನಿಂದ ಫೋನು ಮಾಡಿ ಗುಂಡ್ಲುಪೇಟೆಯ ದನದ ಡಾಕ್ಟರನ್ನು ಕರೆಸಿದರು. “ಏನು ತಿಂದಿತ್ತು?” ಎಂದು ಡಾಕ್ಟರು ಅತ್ತೆಯನ್ನು ಕೇಳಿದರು.

“ಉಲ್ಲು ಬುಟ್ರೆ ಬ್ಯಾರೆ ಏನಿಲ್ಲ ಸ್ವಾಮಿ. ಯಾರ್ ಕಣ್ ಬಿತ್ತೋ ಕಾಣೆ.”

ನಾನು ಬಾಗಿಲ ಹಿಂದಿದ್ದೆ. ಹೇಳಿದರೆ ತವರಿಗೆ ಅಟ್ಟಿಬಿಟ್ಟಾರು. ಹೇಳದಿದ್ದರೆ ಹಸು ಸತ್ತೀತು. ಹೇಡಿ ನಾನು, ಸುಮ್ಮನಿದ್ದೆ. ಡಾಕ್ಟರು ಒಂದು ಇಂಜೆಕ್ಷನ್ ಕೊಟ್ಟು ಬೈಕ್ ಸ್ಟಾರ್ಟ್ ಮಾಡಿದರು. ಆಗ ಹಸು ನರಳಿತು. ಬೀದಿಗೆ ಓಡಿ, ಬೈಕಿನ ಹಿಂದಿನ ಕಂಬಿ ಹಿಡಿದುಕೊಂಡು, “ಒಂದು ಬೇಸನ್ನು ಅನ್ನ ಹಾಕಿದ್ದೆ ಸಾರ್, ನಾನೇ,” ಎಂದೆ. ಅತ್ತೆ ಜಗಲಿಯಲ್ಲೇ ನಿಂತು ಕೇಳಿಸಿಕೊಂಡರು.

ಡಾಕ್ಟರು ಬೈಕ್ ಆಫ್ ಮಾಡಿದರು. “ಹುಲ್ಲು ಅರಗಿಸೋದು ಹಸು ಅಲ್ಲಮ್ಮ, ಅದರ ಹೊಟ್ಟೇಲಿರೋ ಕಣ್ಣಿಗೆ ಕಾಣದ ಹುಳಗಳು. ಅನ್ನ ಜಾಸ್ತಿಯಾದ್ರೆ ಹೊಟ್ಟೆಯೆಲ್ಲ ಹುಳಿಯಾಗಿ ಅವು ಸಾಯ್ತವೆ. ಅವು ಹೋದ್ರೆ ಹಸೂನೂ ಹೋದಂಗೆ.” ಅಡುಗೆ ಸೋಡಾ ಕದಡಿದ ನೀರು ಕುಡಿಸಿದರು. ಸಂಜೆಗೆ ಆರೋಗ್ಯವಾಗಿರುವ ಬೇರೆ ಹಸುವಿನ ಬಾಯಿಂದ ಮೆಲುಕು ತಂದು ಕುಡಿಸಬೇಕು, ಅದರಲ್ಲಿ ಜೀವಂತ ಹುಳಗಳಿರುತ್ತವೆ ಎಂದರು.

ಅತ್ತೆಗೆ ಅದು ಹೊಸದಲ್ಲ. ಅವರ ಅವ್ವನೂ ಹಾಗೇ ಮಾಡುತ್ತಿದ್ದರಂತೆ. ಪಕ್ಕದ ಮನೆಯ ಹಸುವಿನ ಬಾಯಿ ಬಿಡಿಸಿ ಹಿಡಿದು ನನ್ನತ್ತ ನೋಡಿದರು. ನಾನೇ ಕೈ ಹಾಕಿ ಬಿಸಿ ಮೆಲುಕು ಎಳೆದುಕೊಂಡೆ. ನೀರಲ್ಲಿ ಕದಡಿ ಬಿದಿರ ಗೊಟ್ಟದಿಂದ ನಮ್ಮ ಹಸುವಿಗೆ ಕುಡಿಸಿದೆವು. ಎರಡು ದಿನ ಹೀಗೇ. ಅತ್ತೆ ನನ್ನೊಡನೆ ಮಾತಾಡಲಿಲ್ಲ. ನನಗೆ ತುತ್ತು ಇಳಿಯಲಿಲ್ಲ. ಹಸುವಿನ ಬಾಯನ್ನೇ ನೋಡುತ್ತಾ ಕೂತಿರುತ್ತಿದ್ದೆ.

ಮೂರನೆಯ ದಿನ ಮಧ್ಯಾಹ್ನ ಅದರ ದವಡೆ ನಿಧಾನವಾಗಿ ಆಡಿತು. ನಿಂತಿತು. ಮತ್ತೆ ಆಡಿತು. ಕೂಗಿ ಅತ್ತೆಯನ್ನು ಕರೆದೆ. ಅವರು ಬಂದು ನೋಡಿದರು, ಹಸುವಿನ ಕೊರಳ ಗಂಗೆದೊಗಲು ನೇವರಿಸಿದರು, ಒಳಗೆ ಹೋಗಿ ನನಗೆ ತಟ್ಟೆ ಇಟ್ಟರು. ಒಂದು ಮುದ್ದೆ, ಪಕ್ಕದಲ್ಲಿ ಒಂದೇ ಹಿಡಿ ಅನ್ನ.

“ಇಷ್ಟೇ ಕಣಮ್ಮಿ. ಜಾಸ್ತಿ ಉಂಡ್ರೆ ನಿನ್ನೊಟ್ಟೇಲಿರೋ ಉಳ್ಗೋಳೂ ಸತ್ತೋದಾವು,” ಎಂದರು.

ನಾನು ಅಳುತ್ತಲೇ ಉಂಡೆ.